ಕೊನೆಯ ರಾಕ್ಷಸ

"ಅಜ್ಜಿ, ಇನ್ನೊಂದೇ ಒಂದು ರಾಕ್ಷಸ. ಅವನನ್ನು ಮುಗಿಸಿ ಊಟಕ್ಕೆ ಬಂದ್ಬಿಡ್ತೀನಿ."

ಮೊಮ್ಮಗ ಈ ಮಾತು ಹೇಳಿದಾಗ ರಾತ್ರಿ ಎಂಟೂವರೆ. ನಾನು ಸಾರನ್ನು ಮೂರನೆಯ ಸಲ ಬಿಸಿ ಮಾಡಿದಾಗ ಹತ್ತು ಗಂಟೆ ದಾಟಿತ್ತು. ರಾಕ್ಷಸ ಇನ್ನೂ ಗಟ್ಟಿಮುಟ್ಟಾಗಿಯೇ ಇದ್ದ.

ಕಳೆದ ಬೇಸಿಗೆ ರಜೆಯಲ್ಲಿ ಸಾಗರದಿಂದ ಬೆಂಗಳೂರಿಗೆ, ಮಗನ ಮನೆಗೆ ಹೋದಾಗಿನ ಮಾತು ಇದು. ಮೊಮ್ಮಗ ಮೊದಲನೇ ಪಿಯುಸಿ ಮುಗಿಸಿ ಮನೆಯಲ್ಲಿದ್ದ. ಅವನು ಆಡುತ್ತಿದ್ದ ವಿಡಿಯೋ ಗೇಮಿನ ಹೆಸರು ಎಲ್ಡನ್ ರಿಂಗ್. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಎಂಬ ಕಂಪನಿಯವರು 2022ರಲ್ಲಿ ಹೊರತಂದದ್ದು. ಅದನ್ನು ಆಡತೊಡಗಿ ಎರಡು ತಿಂಗಳಾಗಿತ್ತಂತೆ. ಎರಡು ತಿಂಗಳಲ್ಲಿ ನಾವು ಇಡೀ ವರ್ಷದ ಹಪ್ಪಳ, ಸಂಡಿಗೆ, ಮಾವಿನ ಮಿಡಿ ಉಪ್ಪಿನಕಾಯಿ ಎಲ್ಲ ಮುಗಿಸುತ್ತಿದ್ದೆವು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮಗನ ಮನೆಗೆ ಹೋದ ಅಜ್ಜಿ ನುಂಗಿಕೊಳ್ಳಬೇಕಾದ ಮಾತುಗಳ ಪಟ್ಟಿ ಉದ್ದವಿದೆ, ಅದರಲ್ಲಿ ಇದೂ ಒಂದು.

"ಅಷ್ಟು ಮಜಾ ಇದೆಯೇನೋ ಆ ರಾಕ್ಷಸನ ಹತ್ತಿರ ಹೊಡೆದಾಡೋದು?" ಎಂದೆ.

"ಮಜಾ ಎಲ್ಲಿ ಬಂತು ಅಜ್ಜಿ? ಇಡೀ ಆಟ ಚೆನ್ನಾಗಿದೆ. ಈ ಕೊನೇದು ಮಾತ್ರ ಬರೀ ಬೋರು."

ಬೋರಾದರೆ ಯಾಕಪ್ಪಾ ಆಡುತ್ತೀ ಎಂದು ಕೇಳುವುದು ಸುಲಭ. ಆದರೆ ಆ ಪ್ರಶ್ನೆ ಕೇಳುವ ಹಕ್ಕು ನನಗಿರಲಿಲ್ಲ. ಯಾಕೆಂದರೆ ಇಂಥದೇ ಒಬ್ಬ ಕೊನೆಯ ರಾಕ್ಷಸನ ಮುಂದೆ ನಾನೂ ಒಂದು ಕಾಲದಲ್ಲಿ ನಿಂತವಳು. ಈ ಸಂಗತಿ ಆವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

1996ರ ದಸರೆಗೆ ಮಗನ ಕಾಟ ತಡೆಯಲಾರದೆ ನಮ್ಮವರು ಟಿ.ವಿ.ಗೆ ಸಿಕ್ಕಿಸಿ ಆಡುವ ಒಂದು ಪೆಟ್ಟಿಗೆ ತಂದುಕೊಟ್ಟಿದ್ದರು. ಅದರ ಜೊತೆಗೆ ಬಂದ ಹಳದಿ ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟಗಳಿವೆ ಎಂದು ಅಚ್ಚು ಹಾಕಿದ್ದರು. ಎಣಿಸಿದರೆ ಹತ್ತೋ ಹನ್ನೆರಡೋ, ಅವೇ ಬೇರೆ ಬೇರೆ ಹೆಸರಿನಲ್ಲಿ ತಿರುತಿರುಗಿ ಬರುತ್ತಿದ್ದವು. ಅದರಲ್ಲಿ ಮಗ ಹಚ್ಚಿಕೊಂಡದ್ದು ಮಾರಿಯೋ ಎಂಬ ಮೀಸೆಯವನ ಆಟವನ್ನು. ಜಪಾನಿನ ನಿಂಟೆಂಡೋ ಕಂಪನಿಗೆ ಶಿಗೆರು ಮಿಯಾಮೊಟೊ ಎಂಬುವರು 1985ರಲ್ಲಿ ಮಾಡಿಕೊಟ್ಟ ಆಟ ಅದು. ನಮ್ಮೂರಿಗೆ ಬರುವ ಹೊತ್ತಿಗೆ ಅದಕ್ಕೂ ಹನ್ನೊಂದು ವರ್ಷ ವಯಸ್ಸಾಗಿತ್ತು.

ಆಡದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಬೌಸರ್ ಎಂಬ ಆಮೆಯಾಕಾರದ ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ದಿದ್ದಾನೆ. ಅವಳನ್ನು ಬಿಡಿಸಲು ಎಂಟು ಲೋಕ ದಾಟಬೇಕು. ಲೋಕಕ್ಕೆ ನಾಲ್ಕು ಹಂತದಂತೆ ಒಟ್ಟು ಮೂವತ್ತೆರಡು. ಪ್ರತಿ ಲೋಕದ ಕೊನೆಗೂ ಒಂದು ಕೋಟೆ, ಒಂದು ಸೇತುವೆ, ಸೇತುವೆಯ ಮೇಲೆ ಬೌಸರ್. ಅವನನ್ನು ದಾಟಿ ಒಳಗೆ ಹೋದರೆ ರಾಜಕುಮಾರಿಯ ಬದಲು ಅಣಬೆ ತಲೆಯ ಸೇವಕ ನಿಂತಿರುತ್ತಾನೆ. ಅವಳು ಇಲ್ಲಿಲ್ಲ, ಬೇರೆ ಕೋಟೆಯಲ್ಲಿದ್ದಾಳೆ ಎನ್ನುತ್ತಾನೆ. ಸರಕಾರಿ ಕಚೇರಿಗೆ ಅಲೆದವರಿಗೆ ಈ ಅನುಭವ ಹೊಸದೇನಲ್ಲ. ಮೊದಲ ಏಳು ಕೋಟೆಗಳಲ್ಲಿರುವವರು ವೇಷ ಹಾಕಿದ ಸುಳ್ಳು ಬೌಸರ್‌ಗಳು. ನಿಜವಾದವನು ಇರುವುದು ಎಂಟನೆಯ ಲೋಕದ ನಾಲ್ಕನೆಯ ಹಂತದಲ್ಲಿ. ಮಕ್ಕಳ ಬಾಯಲ್ಲಿ ಅದು "ಎಂಟು-ನಾಲ್ಕು".

1997ರ ಜನವರಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿತ್ತು. ಅರ್ಧ ಗಂಟೆ ಆಡಿ ಓದಲು ಕೂರುತ್ತೇನೆ ಎಂದ ಹುಡುಗ ಎರಡು ಗಂಟೆಯಾದರೂ ಏಳಲಿಲ್ಲ. ನಾನು ಕರೆದೆ, ಗದರಿದೆ. "ಅಮ್ಮ, ಎಂಟು-ನಾಲ್ಕು, ಒಂದೇ ನಿಮಿಷ" ಎಂದ. ಒಲೆಯ ಮೇಲೆ ಹಾಲು ಉಕ್ಕಿತು, ನನಗೂ ಉಕ್ಕಿತು. ನೇರ ಹೋಗಿ ಗೋಡೆಯ ಸ್ವಿಚ್ಚು ಆರಿಸಿಬಿಟ್ಟೆ.

ಆ ಪೆಟ್ಟಿಗೆಗೆ ನೆನಪಿನ ಶಕ್ತಿ ಇರಲಿಲ್ಲ. ಕರೆಂಟು ಹೋದರೆ ಮೂವತ್ತೆರಡು ಹಂತವೂ ಹೋದಂತೆ, ಮತ್ತೆ ಒಂದು-ಒಂದರಿಂದ ಶುರು. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಆರಿಸುತ್ತಿದ್ದೆನೋ ಏನೋ. ಮಗ ಅಳಲಿಲ್ಲ, ಎದುರು ಮಾತಾಡಲಿಲ್ಲ. ವೈರುಗಳನ್ನು ಕಿತ್ತು ನೀಟಾಗಿ ಸುತ್ತಿದ, ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು "ನೀನೇ ಇಟ್ಕೋ" ಎಂದ. ನಾನು ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಹಿಂದೆ ಇಟ್ಟೆ. ಪರೀಕ್ಷೆ ಮುಗಿಯಿತು, ಒಳ್ಳೆಯ ಅಂಕಗಳೂ ಬಂದವು. ಅವನು ಪೆಟ್ಟಿಗೆಯನ್ನು ಮತ್ತೆ ಕೇಳಲೇ ಇಲ್ಲ.

ಅದೇ ನನ್ನನ್ನು ಕೊರೆಯತೊಡಗಿತು. ಕೇಳಿ ಜಗಳವಾಡಿದ್ದರೆ ಸಮಾಧಾನವಾಗುತ್ತಿತ್ತು. ಒಂದು ನಿಮಿಷ ಎಂದನಲ್ಲ, ಆ ಒಂದು ನಿಮಿಷದಲ್ಲಿ ಏನಿತ್ತು?

ಜೂನ್ ತಿಂಗಳಲ್ಲಿ ಅವನು ಕಾಲೇಜಿಗೆ, ಇವರು ಆಫೀಸಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಪೆಟ್ಟಿಗೆ ತೆಗೆದೆ. ಸಾಗರದ ಮಳೆ ನಿಮಗೆ ಗೊತ್ತಲ್ಲ, ಯಾರೂ ಮನೆಗೆ ಬರುವ ಭಯವಿಲ್ಲ. ಮೊದಲ ದಿನ ಮೊದಲನೆಯ ಅಣಬೆಗೇ ಸತ್ತೆ. ಆಮೇಲೆ ಹೊಂಡಕ್ಕೆ ಬಿದ್ದು ಸತ್ತೆ. ಮಾರಿಯೋ ಹಾರುವಾಗ ನಾನೂ ಕೂತಲ್ಲೇ ಹಾರುತ್ತಿದ್ದೆ. ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗನಿಗೆ ಕೋಡುಬಳೆ ಕೊಟ್ಟು ಗುಟ್ಟು ತಿಳಿದುಕೊಂಡೆ. ಒಂದು-ಎರಡರ ಕೊನೆಯಲ್ಲಿ ಛಾವಣಿಯ ಮೇಲೆ ನಡೆದರೆ ನಾಲ್ಕನೆಯ ಲೋಕಕ್ಕೆ ಹೋಗುವ ಕೊಳವೆ ಇದೆ, ನಾಲ್ಕು-ಎರಡರಲ್ಲಿ ಬಳ್ಳಿ ಹತ್ತಿ ಹೋದರೆ ಎಂಟಕ್ಕೆ ಹೋಗುವ ಕೊಳವೆ ಇದೆ. ಮೂವತ್ತೆರಡು ಹಂತದ ಬದಲು ಎಂಟೇ ಹಂತ!

ಆ ಅಡ್ಡದಾರಿಯಲ್ಲಿ ಆಗಸ್ಟ್ ಹೊತ್ತಿಗೆ ಎಂಟು-ನಾಲ್ಕಕ್ಕೆ ಬಂದೆ. ಅದೊಂದು ಚಕ್ರವ್ಯೂಹ. ತಪ್ಪು ಕೊಳವೆಗೆ ಇಳಿದರೆ ಬಂದ ದಾರಿಗೇ ಮರಳುತ್ತೀರಿ. ಅಂತೂ ಬೌಸರ್ ಸಿಕ್ಕ. ಬಾಯಲ್ಲಿ ಬೆಂಕಿ ಉಗುಳುತ್ತಿದ್ದ, ಸುತ್ತಿಗೆಗಳ ಮಳೆ ಸುರಿಸುತ್ತಿದ್ದ. ಅವನ ಬೆನ್ನ ಹಿಂದೆ, ಸೇತುವೆಯ ತುದಿಯಲ್ಲಿ ಒಂದು ಕೊಡಲಿ. ಹೇಗೋ ನುಸುಳಿ ಅದನ್ನು ಮುಟ್ಟಿದೆ. ಸೇತುವೆ ಕಳಚಿಕೊಂಡಿತು, ಅವನು ಕೆಳಗಿನ ಬೆಂಕಿಗೆ ಬಿದ್ದ. ಅಷ್ಟೇ!

ನಿಜ ಹೇಳಬೇಕೆಂದರೆ ನನಗೆ ರೇಗಿತು. ಇದಕ್ಕಾಗಿಯೇ ಹುಡುಗ ಅನ್ನ ನೀರು ಬಿಟ್ಟದ್ದು? ಹೊಡೆದಾಟವೂ ಅಲ್ಲ, ಒಂದು ನುಸುಳಾಟ. ಸಾಲದ್ದಕ್ಕೆ ಆ ರಾಜಕುಮಾರಿ ಥ್ಯಾಂಕ್ಸ್ ಹೇಳಿದವಳೇ ಇನ್ನೂ ಕಷ್ಟದ ಇನ್ನೊಂದು ಸುತ್ತಿದೆ, ಆಡು ಎಂದಳು. ಮದುವೆ ಮುಗಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದವಳಿಗೆ ನಾಳೆ ಬೀಗರ ಔತಣ ಎಂದ ಹಾಗಾಯಿತು.

ಆದರೂ ಮನಸ್ಸು ಕೇಳಲಿಲ್ಲ. ಮಗ ಅಡ್ಡದಾರಿ ಹಿಡಿದಿರಲಿಲ್ಲ, ಒಂದೊಂದೇ ಹಂತ ದಾಟಿ ಹೋಗಿದ್ದ. ನಾನೂ ಹಾಗೇ ಹೊರಟೆ. ಕರೆಂಟು ಹೋಗಿ ನಾಲ್ಕನೆಯ ಲೋಕದಿಂದ ಒಂದಕ್ಕೆ ಬಂದದ್ದೆಷ್ಟು ಸಲವೋ! ಒಮ್ಮೆಯಂತೂ ಏಳು-ಮೂರರಲ್ಲಿ ಹೋಯಿತು. ಆ ದಿನ ಕತ್ತಲೆಯ ಟಿ.ವಿ.ಯ ಮುಂದೆ ಕೂತು ಅತ್ತುಬಿಟ್ಟೆ. ಅತ್ತದ್ದು ಮಾರಿಯೋನಿಗಾಗಿ ಅಲ್ಲ. ಸ್ವಿಚ್ಚು ಆರಿಸಿದ ಆ ರಾತ್ರಿ ಮಗನಿಗೆ ಏನಾಗಿತ್ತು ಎಂಬುದು ನನಗೆ ಆವತ್ತು ಅರ್ಥವಾಯಿತು. ದೀಪಾವಳಿಯ ಹಿಂದಿನ ವಾರ ಮೂವತ್ತೆರಡನ್ನೂ ದಾಟಿ ಸೇತುವೆಗೆ ಬಂದೆ. ಅದೇ ಬೌಸರ್, ಅದೇ ಕೊಡಲಿ. ಈ ಸಲ ಅವನು ಬಿದ್ದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅಕ್ಕಪಕ್ಕ ನೋಡಿದೆ, ಹೇಳಲು ಯಾರೂ ಇರಲಿಲ್ಲ. ಮಗ ಸುತ್ತಿದ್ದ ಹಾಗೆಯೇ ವೈರು ಸುತ್ತಿ ಪೆಟ್ಟಿಗೆಯನ್ನು ಸೀರೆಗಳ ಹಿಂದೆ ಇಟ್ಟು ಚಕ್ಕುಲಿಗೆ ಹಿಟ್ಟು ಕಲೆಸಲು ಹೋದೆ.

ಆಗಿನಿಂದ ನನ್ನದೊಂದು ಲೆಕ್ಕಾಚಾರ. ಕೊನೆಯ ಹೊಡೆದಾಟದ ರುಚಿ ಕೊನೆಯ ಹೊಡೆದಾಟದಲ್ಲಿ ಇರುವುದಿಲ್ಲ. ನಮ್ಮ ಕಡೆ ರಾತ್ರಿಯಿಡೀ ಯಕ್ಷಗಾನ ನಡೆದು, ಬೆಳಗಿನ ಜಾವಕ್ಕೆ ಭೀಮ ಬಂದು ಸರೋವರದಲ್ಲಿ ಅಡಗಿದ ಕೌರವನನ್ನು ಹಂಗಿಸಿ ಕರೆಯುವಾಗ ಚಾಪೆಯ ಮೇಲೆ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂರುತ್ತಾರೆ. ಗದೆಗೆ ಗದೆ ತಾಗುವುದನ್ನು ನೋಡಲು ಅಲ್ಲ, ತುಂಬಿದ ಸಭೆಯ ಆ ಹಳೆಯ ಬಾಕಿ ತೀರುವುದನ್ನು ನೋಡಲು. ಕುಮಾರವ್ಯಾಸ ಕೂಡ ಹದಿನೆಂಟು ಪರ್ವಗಳಲ್ಲಿ ಹತ್ತನ್ನೇ ಹೇಳಿ ಗದಾಪರ್ವಕ್ಕೆ ನಿಲ್ಲಿಸಿದನಲ್ಲ!

ಇದನ್ನೇ ಮೊಮ್ಮಗನಿಗೆ ಹೇಳಿದೆ, ನನ್ನ ಮಾರಿಯೋ ಕಥೆಯನ್ನು ಮಾತ್ರ ಬಿಟ್ಟು. ಅವನು ಕೂಡಲೇ ಹಿಡಿದ.

"ಅದೇ ಅಜ್ಜಿ ನಾನು ಹೇಳೋದು! ಇದಕ್ಕೆ ಹಿಂದಿನ ಹೊಡೆದಾಟ ಗಾಡ್‌ಫ್ರೇ ಅನ್ನೋ ಹಳೇ ರಾಜನ ಜೊತೆ. ಅವನು ಮಾತಾಡ್ತಾನೆ. ಬೆನ್ನ ಮೇಲಿದ್ದ ಸಿಂಹಾನ ತಾನೇ ಕೊಂದು, ಕೊಡಲಿ ಬಿಟ್ಟು ಬರಿಗೈಲಿ ಕುಸ್ತಿಗೆ ಬರ್ತಾನೆ. ಸೋತರೂ ಖುಷಿ ಆಗತ್ತೆ. ಆಮೇಲೆ ರಾಡಗಾನ್ ಅಂತ, ಕೈಯಲ್ಲಿ ಸುತ್ತಿಗೆ. ಅವನೂ ಮಾರಿಕಾ ಅನ್ನೋ ರಾಣಿಯೂ ಒಂದೇ ದೇಹ."

"ಅರ್ಧನಾರೀಶ್ವರ" ಎಂದೆ.

"ಹೂಂ. ಅವನು ಸತ್ತ ಮೇಲೆ ಬರೋದು ಈ ಎಲ್ಡನ್ ಬೀಸ್ಟ್. ಇದು ಯಾರು, ನನ್ನ ಮೇಲೆ ಇದಕ್ಕೇನು ಸಿಟ್ಟು, ಒಂದೂ ಗೊತ್ತಿಲ್ಲ. ಒಂದು ಮಾತೂ ಆಡಲ್ಲ. ಹತ್ತಿರ ಹೋದರೆ ದೂರ ಹೋಗತ್ತೆ. ಸೋತರೆ ಮತ್ತೆ ರಾಡಗಾನ್‌ನಿಂದ ಶುರು."

ಪರದೆ ನೋಡಿದೆ. ಕಣ್ಣು ಹಾಯುವಷ್ಟು ದೂರ ತೆಳ್ಳನೆಯ ನೀರು, ಅದರ ಮೇಲೆ ಮೈಯೆಲ್ಲ ನಕ್ಷತ್ರ ಮೆತ್ತಿಕೊಂಡಂಥ ಒಂದು ದೊಡ್ಡ ಪ್ರಾಣಿ. ನೋಡಲು ಚೆಂದವೇ. ಆದರೆ ಅದು ತೇಲಿಕೊಂಡು ದೂರ ಹೋಗುವುದು, ಮೊಮ್ಮಗ ಅದರ ಹಿಂದೆ ಹೋಗುವುದು, ಮತ್ತೆ ಅದು ದೂರ ಹೋಗುವುದು. ನಮ್ಮನೆಯ ಎಮ್ಮೆ ಕಟ್ಟು ಬಿಚ್ಚಿಕೊಂಡ ದಿನದ ನೆನಪಾಯಿತು. ಪುಣ್ಯಕ್ಕೆ ಅವನು ಕುದುರೆಯ ಮೇಲಿದ್ದ. ಮೊದಲು ಈ ಕಾಳಗದಲ್ಲಿ ಕುದುರೆಗೆ ಅವಕಾಶ ಇರಲಿಲ್ಲವಂತೆ, ಎಲ್ಲರೂ ಕಾಲ್ನಡಿಗೆಯಲ್ಲೇ ಅಟ್ಟಾಡಿಸಬೇಕಿತ್ತು. ಆಟ ಬಂದು ಎರಡು ವರ್ಷದ ಮೇಲೆ, 2024ರ ಜೂನ್‌ನಲ್ಲಿ, ಮಾಡಿದವರೇ ತಿದ್ದಿ ಕುದುರೆ ಕೊಟ್ಟರು. "ಹಾಗಾದರೆ ಬೇಜಾರು ನಿನ್ನೊಬ್ಬನದೇ ಅಲ್ಲ" ಎಂದೆ.

ಅಷ್ಟರಲ್ಲಿ ಸೊಸೆ ಬಂದಳು. ಬೆಳಿಗ್ಗೆ ಬೇಗ ಎದ್ದು ಕೆಲಸಕ್ಕೆ ಹೋಗಬೇಕಾದವಳು, ಪಾಪ, ಸುಸ್ತಾಗಿತ್ತು. "ಅತ್ತೆ, ನಾನು ಹೇಳಿ ಸಾಕಾಯ್ತು. ನೀವಾದರೂ ಆಫ್ ಮಾಡಿಸಿ, ನಿಮ್ಮ ಮಾತು ಕೇಳ್ತಾನೆ" ಎಂದಳು.

ಗೋಡೆಯ ಸ್ವಿಚ್ಚು ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ನಾನು ಅದನ್ನು ನೋಡಿದೆ. ಸೋಫಾದ ಮೇಲೆ ಮೊಬೈಲು ಹಿಡಿದು ಕೂತಿದ್ದ ಮಗ ನನ್ನನ್ನು ನೋಡಿದ.

"ಇರಲಿ ಬಿಡಮ್ಮ, ಮುಗಿಸಲಿ. ನೀನು ಊಟ ಮಾಡಿ ಮಲಗು, ಅವನಿಗೆ ನಾನು ಬಡಿಸ್ತೀನಿ" ಎಂದೆ.

ಸೊಸೆ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮಗ ಮೊಬೈಲಿನಿಂದ ಕಣ್ಣೆತ್ತದೆ ಮೆಲ್ಲಗೆ ಅಂದ: "ಎಂಟು-ನಾಲ್ಕು."

ಇಪ್ಪತ್ತೆಂಟು ವರ್ಷ ದಾಟಿದ ಮೇಲೂ ಅವನು ಮರೆತಿರಲಿಲ್ಲ. ನನಗೆ ಗಂಟಲು ಕಟ್ಟಿತು. "ತಪ್ಪಾಯ್ತು ಕಣೋ" ಎನ್ನಬೇಕಿತ್ತು. ಮಕ್ಕಳ ಮುಂದೆ ಆ ಮಾತು ಆಡಿ ಅಭ್ಯಾಸವಿಲ್ಲದ ಬಾಯಿ, ಬೇರೇನೋ ಆಡಿತು. "ನಾನು ಆಮೇಲೆ ಅದನ್ನು ಆಡಿ ಮುಗಿಸಿದೆ. ಎರಡು ಸಲ."

ಮಗ ಮೊಬೈಲು ಕೆಳಗಿಟ್ಟ. ಮೊಮ್ಮಗ ಪರದೆಯಿಂದ ಕಣ್ಣು ತೆಗೆದ, ಆ ಗಳಿಗೆಯಲ್ಲೇ ರಾಕ್ಷಸನ ಏಟು ತಿಂದು ಸತ್ತ. "ಅಜ್ಜೀ!" ಎಂದ ಅವನ ಕೂಗು ಸತ್ತದ್ದಕ್ಕೋ, ನಾನು ಹೇಳಿದ್ದಕ್ಕೋ ತಿಳಿಯಲಿಲ್ಲ. ಎಲ್ಲವನ್ನೂ ಹೇಳಿದೆ. ಕೋಡುಬಳೆಯ ಲಂಚವನ್ನೂ ಬಿಡಲಿಲ್ಲ. ಮಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ನಾನು ಇವತ್ತಿಗೂ ಮುಗಿಸಿಲ್ಲಮ್ಮ" ಎಂದ ಆಮೇಲೆ. "ಹೇಗಿತ್ತು ಕೊನೇಲಿ?"

"ಅವನೇನೂ ದೊಡ್ಡವನಲ್ಲ. ಅಲ್ಲಿವರೆಗೆ ಹೋಗೋದೇ ಕಷ್ಟ. ನೀನು ಹೋಗಿದ್ದೆಯಲ್ಲ" ಎಂದೆ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಆ ನಕ್ಷತ್ರದ ಪ್ರಾಣಿ ಬಿತ್ತು. ಮೊಮ್ಮಗ ಕೂಗಲಿಲ್ಲ, ಕುಣಿಯಲಿಲ್ಲ. "ಉಸ್ಸಪ್ಪಾ" ಎಂದು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಬೆರಳು ಚಟಚಟ ಮುರಿದ. ಹಪ್ಪಳದ ಕೊನೆಯ ಉಂಡೆ ಲಟ್ಟಿಸಿ ಮಣೆ ಸರಿಸುವಾಗ ನಾವೂ ಹೀಗೇ ಅಲ್ಲವೇ? ಆ ಕೊನೆಯ ಉಂಡೆ ಬೇಜಾರೋ ತೃಪ್ತಿಯೋ ಎಂದು ಕೇಳಿದರೆ ಹೇಳುವುದು ಕಷ್ಟ. ಆದರೆ ಅದನ್ನು ಬೇರೆಯವರು ಕೈಯಿಂದ ಕಿತ್ತುಕೊಂಡರೆ ಮಾತ್ರ ಸಹಿಸಲಾಗುವುದಿಲ್ಲ.

ಮೂವರಿಗೂ ಬಡಿಸಿಕೊಂಡು ಕೂತೆವು. ಸಾರು ಬತ್ತಿ ಗೊಜ್ಜಾಗಿತ್ತು.

"ಆ ಪೆಟ್ಟಿಗೆ ಇನ್ನೂ ಇದೆಯಾ?" ಎಂದು ಮಗ ಕೇಳಿದ.

"ಸೀರೆಗಳ ಹಿಂದೇ ಇದೆ. ಮುಂದಿನ ಸಲ ಬರುವಾಗ ತರ್ತೀನಿ."

"ಈಗಿನ ಟಿ.ವಿ.ಗೆ ಅದು ಕೂರಲ್ಲ ಅಜ್ಜಿ. ಮಧ್ಯೆ ಸಿಕ್ಕಿಸೋಕೆ ಒಂದು ಸಣ್ಣ ಡಬ್ಬಿ ಸಿಗತ್ತೆ, ತರಿಸಿಡ್ತೀನಿ" ಎಂದ ಮೊಮ್ಮಗ.

"ಆಡ್ತಾ ಇರುವಾಗ ಕರೆಂಟು ಹೋದರೆ?" ಎಂದ ಮಗ, ನನ್ನ ಮುಖ ನೋಡುತ್ತಾ.

"ಹೋದರೆ ಒಂದು-ಒಂದರಿಂದ ಶುರು ಮಾಡು" ಎಂದು ಅವನ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದೆ.