ಎರಡನೇ ಮಹಡಿಯ ಹಸಿರು ಗುಡ್ಲು

ಮದರಾಸಿಗೆ ಹೊಸದಾಗಿ ಬಂದ ಕನ್ನಡಿಗರು ಬೆರಗಾಗುವ ಸಂಗತಿಗಳು ಮೂರು: ಬಿಸಿಲು, ನೀರಿನ ಲಾರಿ, ಬೀದಿ ಮೂಲೆಯ ಹುಡುಗಿಯರು. ಮೊದಲೆರಡರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಮೂರನೆಯದನ್ನು ನಾನು ಹೇಳುತ್ತೇನೆ. 2004ರಲ್ಲಿ ನಾವು ಪೆರಂಬೂರಿಗೆ ಮನೆ ಮಾಡಿದಾಗ ನಮ್ಮ ಬೀದಿಯ ತಿರುವಿನಲ್ಲಿ ಆಳೆತ್ತರದ ಫ್ಲೆಕ್ಸ್ ಬೋರ್ಡೊಂದು ನಿಂತಿತ್ತು. ರೇಷ್ಮೆ ಸೀರೆ ಉಟ್ಟು, ಕೊರಳ ತುಂಬ ಹಾರ ಹಾಕಿಕೊಂಡ ಹನ್ನೆರಡು ಹದಿಮೂರರ ಹುಡುಗಿ. ಅವಳ ಅಕ್ಕಪಕ್ಕ ಮೀಸೆ ತಿರುವಿದ ಸೋದರಮಾವಂದಿರ ಸಾಲು. ಎಲ್ಲರ ತಲೆಯ ಮೇಲೆ ಕೈಮುಗಿದು ನಿಂತ ರಜನೀಕಾಂತ್. ತಮಿಳು ಓದಲು ಬಾರದವರು ಇದನ್ನು ಎಲೆಕ್ಷನ್ ಬೋರ್ಡು ಅಂದುಕೊಂಡರೆ ತಪ್ಪಿಲ್ಲ. ಬರೆದಿದ್ದದ್ದು 'ಮಂಜಳ್ ನೀರಾಟ್ಟು ವಿಳಾ' ಅಂತ. ಅಂದರೆ ಅರಿಸಿನ ನೀರು ಹುಯ್ಯುವ ಹಬ್ಬ. ನಮ್ಮ ಮನೆಯ ಹುಡುಗಿ ಮೈನೆರೆದಿದ್ದಾಳೆ, ಎಲ್ಲರೂ ಬನ್ನಿ, ಎಂದು ಇಡೀ ಪೇಟೆಗೆ ಕೊಟ್ಟ ಕರೆಯೋಲೆ.

ನಾನು ನಾಗಮಂಗಲದ ಕಡೆಯವಳು. ನಮ್ಮಲ್ಲೂ ಈ ಶಾಸ್ತ್ರ ಇಲ್ಲವೆಂದಲ್ಲ. ಆದರೆ ಅದು ಹಿತ್ತಿಲಿಗೂ ಹಟ್ಟಿಗೂ ಸೇರಿದ್ದು, ಹೆಂಗಸರ ಪಿಸುಮಾತಿಗೆ ಸೇರಿದ್ದು. ಗಂಡಸರಲ್ಲಿ ಅದಕ್ಕೆ ಅಧಿಕೃತವಾಗಿ ಸಂಬಂಧಪಟ್ಟವನು ಸೋದರಮಾವ ಒಬ್ಬನೇ. ಅವನು ಹಸಿಸೊಪ್ಪು, ತೆಂಗಿನ ಗರಿ ಕಡಿದು ತಂದು ಗುಡ್ಲು ಹಾಕಬೇಕು. ಹುಡುಗಿ ಅದರೊಳಗೆ ಕೂತಿರಬೇಕು. ತಟ್ಟೆ ಬೇರೆ, ಚಾಪೆ ಬೇರೆ, ಹೊದಿಕೆ ಬೇರೆ. ಸಂಜೆಯಾದರೆ ಕೇರಿಯ ಮುತ್ತೈದೆಯರು ಬಂದು ಆರತಿ ಎತ್ತಿ ಸೋಬಾನೆ ಹೇಳುತ್ತಾರೆ. ಕರಿ ಎಳ್ಳು, ಬೆಲ್ಲ ಕುಟ್ಟಿದ ಚಿಗಳಿ ಉಂಡೆ, ಕೊಬ್ಬರಿ, ತುಪ್ಪ, ಮೆಂತ್ಯದ ಮುದ್ದೆ. 'ತಿನ್ನವ್ವ, ಸೊಂಟ ಗಟ್ಟಿಯಾಗ್ತದೆ' ಎಂದು ಬಲವಂತ. ನಾನು ಹಾಗೆ ಒಂಬತ್ತು ದಿನ ಕೂತವಳು. ಅಷ್ಟೊಂದು ಚಿಗಳಿಯನ್ನು ಅದಕ್ಕೆ ಮುಂಚೆಯೂ ಆಮೇಲೂ ಯಾರೂ ನನಗೆ ಕೊಟ್ಟಿಲ್ಲ. ಅದೇ ಒಂಬತ್ತು ದಿನದಲ್ಲಿ ನನಗಾಗಿರುವುದು ಏನು ಎಂದು ಯಾರೂ ಹೇಳಲೂ ಇಲ್ಲ. ಗುಡ್ಲಿನ ಆಚೆ ಹೆಂಗಸರು ಮಾತಾಡಿಕೊಳ್ಳುತ್ತಿದ್ದದ್ದು ಯಾರ ಮನೆಯಲ್ಲಿ ಗಂಡು ಇದ್ದಾನೆ ಎಂಬುದನ್ನು.

ಮದರಾಸಿನಲ್ಲಿ ಇದ್ದೂ ಇದ್ದೂ ಎರಡೂ ಊರಿನ ಶಾಸ್ತ್ರ ಒಂದೇ ಬೇರಿನದು ಎಂದು ಗೊತ್ತಾಗತೊಡಗಿತು. ನಮ್ಮ ಗುಡ್ಲು ಇಲ್ಲಿ 'ಕುಡಿಸೈ'. ಅದನ್ನೂ ಕಟ್ಟುವವನು ತಾಯ್‌ಮಾಮನ್, ಅದಕ್ಕೂ ಹಸಿ ಗರಿಯೇ ಬೇಕು. ನಮ್ಮ ಮುಯ್ಯಿ ಇಲ್ಲಿ 'ಮೊಯ್'. ಮಂಟಪದ ಬಾಗಿಲಲ್ಲಿ ಮೇಜು ಹಾಕಿ ಒಬ್ಬರು ನೋಟುಬುಕ್ಕು ಹಿಡಿದು ಕೂತು ಯಾರು ಎಷ್ಟು ಕೊಟ್ಟರೆಂದು ಬರೆದುಕೊಳ್ಳುತ್ತಾರೆ. ನಮ್ಮ ಚಿಗಳಿಯ ಜಾಗದಲ್ಲಿ ಇಲ್ಲಿ 'ಉಳುಂದಂಕಳಿ'. ಉದ್ದಿನ ಹಿಟ್ಟು, ಬೆಲ್ಲ, ಎಳ್ಳೆಣ್ಣೆ ಹಾಕಿ ತೊಳಸಿದ್ದು. ಹೈದರಾಬಾದಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಹೇಳುವಂತೆ ಅಲ್ಲಿ ಹುಡುಗಿ 'ಪೆದ್ದಮನಿಷಿ' ಆಗುತ್ತಾಳೆ. ದೊಡ್ಡ ಮನುಷ್ಯಳು! ನಮ್ಮ 'ದೊಡ್ಡೋಳಾದ್ಲು', ಧಾರವಾಡದ ಕಡೆಯ 'ದೊಡ್ಡಾಕಿ ಆದಳು' ಎಲ್ಲ ಅದೇ. ಉಡುಪಿ ಕಡೆಯ ಗೆಳತಿಯೊಬ್ಬಳು ತುಳುವಿನಲ್ಲಿ 'ಮದ್ಮಾಳ್' ಆಗುವುದು ಅನ್ನುತ್ತಾರೆ ಎಂದಳು. ಮದ್ಮಾಳ್ ಅಂದರೆ ಮದುಮಗಳು. ಸುತ್ತಿ ಬಳಸದೆ ನೇರವಾಗಿ ಹೇಳಿಬಿಟ್ಟಿದ್ದಾರೆ.

ಮೊದಲ ಸಲಕ್ಕೆ ಇಷ್ಟು ಚೆಂದದ ಹೆಸರುಗಳು. ಎರಡನೇ ತಿಂಗಳಿಂದ ಭಾಷೆಯೇ ಬದಲಾಗುತ್ತದೆ, ನೋಡಿ. ನಾವು 'ಮುಟ್ಟು' ಅನ್ನುತ್ತೇವೆ, ಮುಟ್ಟಬಾರದವಳಿಗೆ. 'ಹೊರಗಾದಳು' ಅನ್ನುತ್ತೇವೆ. ತಮಿಳರು 'ತೂರಂ' ಅನ್ನುತ್ತಾರೆ, ಅಂದರೆ ದೂರ. ಹೂ ಮುಡಿಸಿ ಆರತಿ ಎತ್ತಿದ ಅದೇ ನೆತ್ತರು ಮುಂದಿನ ತಿಂಗಳಿಗೆ ಮೈಲಿಗೆ. ತುಳುನಾಡಿನ ಕೆಡ್ಡಸವೇ ವಾಸಿ ಅನ್ನಿಸುತ್ತದೆ. ಫೆಬ್ರವರಿಯಲ್ಲಿ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆಂದು ಅಲ್ಲಿ ಉಳುವುದಿಲ್ಲ, ಅಗೆಯುವುದಿಲ್ಲ. ಕೊನೆಗೆ ನೆಲಕ್ಕೆ ಎಣ್ಣೆ ಬಿಟ್ಟು ಉಪಚಾರ ಮಾಡುತ್ತಾರೆ. ಭೂಮಿಗೆ ಸಿಗುವ ಆ ರಜೆ ಮನೆಯ ಹೆಣ್ಣುಮಗಳಿಗೆ ಬರುವಾಗ ಹೇಗೋ ಶಿಕ್ಷೆಯಾಗಿಬಿಟ್ಟಿದೆ.

2018ರ ಡಿಸೆಂಬರಿನಲ್ಲಿ ನನ್ನ ಮಗಳ ಸರದಿ ಬಂತು. ಏಳನೇ ಕ್ಲಾಸು. ಅವಳ ಸಿಬಿಎಸ್‌ಇ ವಿಜ್ಞಾನ ಪುಸ್ತಕದಲ್ಲಿ ಈ ಪಾಠ ಆಗ ಇದ್ದದ್ದು ಎಂಟನೇ ಕ್ಲಾಸಿಗೆ. ಪಾಠಕ್ಕೆ ಮುಂಚೆಯೇ ಪರೀಕ್ಷೆ ಬಂದ ಹಾಗಾಯಿತು. ಆದರೂ ಅವಳು ಹೆದರಲಿಲ್ಲ. ಒಂದು ವರ್ಷದಿಂದ ನಾನು ಅಷ್ಟಷ್ಟೇ ಹೇಳುತ್ತಾ ಬಂದಿದ್ದೆ. ಹೆದರಿದವರು ನಮ್ಮೆಜಮಾನರು. ಪೇಪರನ್ನು ತಲೆಕೆಳಗಾಗಿ ಹಿಡಿದು ಓದುತ್ತಾ ಕೂತರು.

ಮಧ್ಯಾಹ್ನದೊಳಗೆ ಊರಿನಿಂದ ಅತ್ತೆಯ ಫೋನು.

"ಏನವ್ವಾ, ಮಗ ನೆರೆದವ್ಳಂತೆ? ಒಂಬತ್ ದಿನ ಕಡೀಕ್ ಕೂರ್ಸು. ಗುಡ್ಲು ಆಗ್ದಿದ್ರೆ ಮೂಲೇಲಾದ್ರೂ ಒಂದ್ ಚಾಪೆ ಆಕು. ದೇವ್ರಗೂಡ್ ತಾವ ಬುಡ್ಬ್ಯಾಡ. ಆಮೇಲ್ ಊರ್ಗ್ ಕರ್ಕಂಡ್ ಬಾ, ಆರತಿ ಮಾಡಾನ."

ಅತ್ತೆಯ ಫೋನು ಇಟ್ಟರೆ ಮೇಲ್ಮನೆಯ ಅಕ್ಕ ಬಾಗಿಲಲ್ಲಿ. ತಿರುನೆಲ್ವೇಲಿಯವರು, ಒಳ್ಳೆಯ ಜೀವ. "ಮೈಸೂರು ಅಕ್ಕಾ, ಮಂಟಪ ನಾನು ನೋಡ್ತೀನಿ, ಫೋಟೋದವನೂ ನಮ್ಮವನೇ" ಎಂದು ತಮಿಳಿನಲ್ಲಿ ಶುರುಮಾಡಿಬಿಟ್ಟರು. ಒಳಗಿನಿಂದ ಮಗಳು ಎಲ್ಲವನ್ನೂ ಕೇಳಿಸಿಕೊಂಡು ಹೊರಗೆ ಬಂದಳು. "ಅಮ್ಮ, ಸ್ಕೂಲಲ್ಲಿ ಯಾರಿಗೂ ಗೊತ್ತಾಗಬಾರದು. ಫೋಟೋ ಬೇಡ. ಸೋಮವಾರ ನಂಗೆ ಟೆಸ್ಟಿದೆ" ಎಂದಳು.

ಊರಿನಲ್ಲಿದ್ದಿದ್ದರೆ ಈ ಮೂರು ದನಿಗಳಲ್ಲಿ ಗೆಲ್ಲುವುದು ಯಾವುದೆಂದು ಕೇಳಬೇಕಾಗಿರಲಿಲ್ಲ. ಯೋಚನೆಯನ್ನೂ ಕೇರಿಯೇ ಮಾಡಿ ಮುಗಿಸಿರುತ್ತಿತ್ತು. ಹೊರನಾಡಿನಲ್ಲಿ ಇರುವುದರ ಸುಖವೂ ಕಷ್ಟವೂ ಇದೇ. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದನ್ನು ನಾವೇ ಕೂತು ಆರಿಸಬೇಕು. ಆರಿಸಬೇಕಾದರೆ ವಿಷಯ ಗೊತ್ತಿರಬೇಕು.

ನಮ್ಮ ಬೀದಿಯ ಡಾಕ್ಟರಮ್ಮನ ಹತ್ತಿರ ಮಗಳನ್ನು ಕರೆದುಕೊಂಡು ಹೋದೆ. ಅವರು ಕಾಗದದ ಮೇಲೆ ಚಿತ್ರ ಬರೆದು ಹೇಳಿದ್ದು ಅವಳಿಗೆ, ಕಲಿತದ್ದು ನಾನೂ. ಇದು ಶುರುವಾಗುವುದು ಹೊಟ್ಟೆಯಲ್ಲಲ್ಲ, ಮಿದುಳಿನಲ್ಲಂತೆ. ಹೈಪೋಥಲಾಮಸ್ ಎಂಬ ಪುಟ್ಟ ಭಾಗ ಮೊದಮೊದಲು ರಾತ್ರಿ ನಿದ್ದೆಯಲ್ಲಿ ಪಿಟ್ಯುಟರಿ ಗ್ರಂಥಿಗೆ ಬಿಟ್ಟುಬಿಟ್ಟು ಸಂಕೇತ ಕಳಿಸುತ್ತದೆ. ಪಿಟ್ಯುಟರಿ ಅಂಡಾಶಯವನ್ನು ಎಬ್ಬಿಸುತ್ತದೆ, ಅಂಡಾಶಯ ಈಸ್ಟ್ರೋಜನ್ ತಯಾರಿಸುತ್ತದೆ. ಸಾಮಾನ್ಯವಾಗಿ ಎಂಟರಿಂದ ಹದಿಮೂರು ವಯಸ್ಸಿನೊಳಗೆ ಎದೆ ಮೂಡತೊಡಗುತ್ತದೆ. ಅದಾಗಿ ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು. ಹುಡುಗಿ ಸರ್ರನೆ ಎತ್ತರ ಬೆಳೆಯುವ ಕಾಲ ಅಷ್ಟರೊಳಗೆ ಬಹುಪಾಲು ಮುಗಿದಿರುತ್ತದೆ. ಆಮೇಲೆ ಬೆಳೆಯುವುದು ಹೆಚ್ಚೆಂದರೆ ಕೆಲವು ಸೆಂಟಿಮೀಟರು. ಅಂದರೆ ನಾವು 'ಶುರು' ಎಂದು ಆರತಿ ಎತ್ತುವ ದಿನ, ಮೈಯ ಲೆಕ್ಕದಲ್ಲಿ ಒಂದು ದೊಡ್ಡ ಕೆಲಸದ ಮುಕ್ಕಾಲು ಭಾಗ ಕಳೆದ ದಿನ.

ಹಾಗಾದರೆ ದೊಡ್ಡವಳಾದಳೇ? ಅದೂ ಇಲ್ಲ. ಮೊದಲ ಒಂದೆರಡು ವರ್ಷ ಎಷ್ಟೋ ತಿಂಗಳು ಅಂಡವೇ ಬಿಡುಗಡೆಯಾಗುವುದಿಲ್ಲ. ಅದಕ್ಕೇ ತಾರೀಖು ಏರುಪೇರು. ಇಪ್ಪತ್ತೊಂದು ದಿನಕ್ಕೂ ಬರಬಹುದು, ನಲವತ್ತೈದು ದಿನಕ್ಕೂ ಬರಬಹುದು. ಮೂರು ತಿಂಗಳಾದರೂ ಬಾರದಿದ್ದರೆ, ಇಲ್ಲವೇ ಏಳು ದಿನ ಮೀರಿ ಹೋಗುತ್ತಿದ್ದರೆ ತೋರಿಸಿ ಎಂದರು. ಸೊಂಟದ ಮೂಳೆ ಮುಂದೆ ಇನ್ನೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. 'ನೆರೆದಳು' ಅಂದರೆ ತುಂಬಿಬಂದಳು ಅಂತ ತಾನೇ ಅರ್ಥ? ಮೈ ಮಾತ್ರ 'ತಾಳಿ, ಇನ್ನೂ ತುಂಬಿಲ್ಲ' ಅನ್ನುತ್ತಿರುತ್ತದೆ. ಗಂಡು ಹುಡುಕುವವರಿಗೆ ಅದು ಕೇಳಿಸುತ್ತಿರಲಿಲ್ಲ. 1891ರಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ, ಋತುಮತಿಯಾದೊಡನೆ ಆಗಬೇಕಾದ ಗರ್ಭಾಧಾನಕ್ಕೆ ಅಡ್ಡಿಯಾಯಿತೆಂದು ದೇಶದಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ತಂದ ಕಾಯಿದೆ ತಡೆದದ್ದು ಎಂಟು ತುಂಬದ ಹುಡುಗಿಯರ ಮದುವೆಯನ್ನು. ಈಗಿನ ಹದಿನೆಂಟಕ್ಕೆ ಬರಲು ಎಷ್ಟು ದೂರ ನಡೆದಿದ್ದೇವೆ ಎಂದು ಇದರಿಂದ ತಿಳಿಯುತ್ತದೆ.

"ರಕ್ತ ಎಷ್ಟು ಹೋಗತ್ತೆ ಆಂಟಿ?" ಎಂದು ಮಗಳು ಕೇಳಿದಳು. ಸಾಧಾರಣವಾಗಿ ಒಂದು ಸಲಕ್ಕೆ ಎರಡು ಮೂರು ದೊಡ್ಡ ಚಮಚದಷ್ಟು ಎಂದರು. ಅವಳ ಮುಖ ಅರಳಿತು. ಬಕೆಟ್ ಲೆಕ್ಕದಲ್ಲಿ ಯೋಚಿಸಿದ್ದಳೋ ಏನೋ. ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಹೆಣ್ಣುಕೂಸಿನ ಅಂಡಗಳೆಲ್ಲ ಅದು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡಿರುತ್ತವಂತೆ. ನನ್ನ ಮಗಳಾದ ಅಂಡ ನಾನು ನನ್ನ ಅವ್ವನ ಬಸಿರಲ್ಲಿದ್ದಾಗಲೇ ಇತ್ತು. ನಮ್ಮವ್ವ ಆಗಲೇ ತೀರಿಹೋಗಿದ್ದರು. ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ.

ಶಾಸ್ತ್ರ ಬೇಡವೇ ಬೇಡ ಎಂದು ಒಂದೇ ಏಟಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಕೂಡಿಸುವುದು ಮಾತ್ರ ಸಾಧ್ಯವಿರಲಿಲ್ಲ. ಅದಕ್ಕೆ ಕಾರಣ ಬರೀ ಟೆಸ್ಟಲ್ಲ. ಹಿಂದಿನ ತಿಂಗಳು, ನವೆಂಬರಿನಲ್ಲಿ, ಗಜ ಚಂಡಮಾರುತ ತಂಜಾವೂರು, ನಾಗಪಟ್ಟಣದ ಕಡೆ ತೆಂಗಿನ ತೋಟಗಳನ್ನೆಲ್ಲ ಮಲಗಿಸಿಬಿಟ್ಟಿತ್ತು. ಪಟ್ಟುಕ್ಕೋಟೈ ಹತ್ತಿರದ ಹಳ್ಳಿಯೊಂದರಲ್ಲಿ ಆಗಷ್ಟೇ ಮೈನೆರೆದ ಶಾಲೆಯ ಹುಡುಗಿಯನ್ನು ಮನೆಯ ಪಕ್ಕದ ಗುಡಿಸಲಲ್ಲಿ ಮಲಗಿಸಿದ್ದರು. ಆ ರಾತ್ರಿ ತೆಂಗಿನಮರ ಗುಡಿಸಲ ಮೇಲೆ ಬಿತ್ತು. ಹುಡುಗಿ ಉಳಿಯಲಿಲ್ಲ.

ಇದನ್ನು ಅತ್ತೆಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ.

"ಒಬ್ಳನ್ನೇ ಮನಗಿಸಿದ್ರಾ?" ಎಂದರು. "ನಮ್ಮಲ್ಲಿ ಅಂಗ್ ಬುಡ್ತಿರ್ನಿಲ್ಲ ಕಣವ್ವ. ಮಗೀನ್ ಜೊತೆ ಒಬ್ ಮುದ್ಕಿ ಮನಗ್ತಿದ್ಲು."

ಅತ್ತೆಯ ಮಾತು ನಿಜವೇ. ನನ್ನ ಪಕ್ಕದಲ್ಲೂ ದೊಡ್ಡಮ್ಮ ಮಲಗಿದ್ದರು. ಆದರೆ ಇದು ಬರೀ ತಮಿಳುನಾಡಿನ ಕಥೆ ಅಂದುಕೊಳ್ಳಲು ನಮಗೆ ಹಕ್ಕಿಲ್ಲ. ನಮ್ಮ ತುಮಕೂರು, ಚಿತ್ರದುರ್ಗದ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರಾಚೆ ಇಡುವ ರೂಢಿ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರಿನ ಹತ್ತಿರ ಮಳೆ ಚಳಿಯಲ್ಲಿ ಹಟ್ಟಿಯಾಚೆಯ ಗುಡಿಸಲಲ್ಲಿದ್ದ ಹಸುಗೂಸು ತೀರಿಹೋದದ್ದು ಪೇಪರಿನಲ್ಲಿ ಓದಿದಾಗ ನನಗೆ ಪಟ್ಟುಕ್ಕೋಟೈ ಹುಡುಗಿಯೇ ನೆನಪಾದಳು.

ಆ ಫೋನಿನ ಮೇಲೆ ಅತ್ತೆ ಒಂಬತ್ತು ದಿನದ ಮಾತೆತ್ತಲಿಲ್ಲ. ದೇವರಗೂಡಿನ ವಿಷಯದಲ್ಲಿ ಮಾತ್ರ ಕೊನೆಗೂ ಜಗ್ಗಲಿಲ್ಲ. ನಾವು ಮನೆಯಲ್ಲಿ ಮಗಳನ್ನು ತಡೆಯಲಿಲ್ಲ. ಅತ್ತೆಗೆ ಅದು ಗೊತ್ತಿತ್ತು, ಕೇಳಲಿಲ್ಲ. ಮಗಳು ಮಾಮೂಲು ಮಂಚದಲ್ಲೇ ಮಲಗಿದಳು, ಸೋಮವಾರ ಟೆಸ್ಟು ಬರೆದಳು.

ನನ್ನ ತಮ್ಮನಿಗೆ ಇದ್ಯಾವುದೂ ಒಪ್ಪಿಗೆಯಾಗಲಿಲ್ಲ. "ಅಕ್ಕಾ, ಗುಡ್ಲು ಆಕ್ದೆ ಇದ್ರೆ ನಾನ್ಯಾವ್ ಸೀಮೆ ಮಾವ?" ಎಂದು ಶನಿವಾರ ಬೆಳಿಗ್ಗೆ ಮಂಡ್ಯದಿಂದ ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದೇಬಿಟ್ಟ. ಒಂದು ಚೀಲದಲ್ಲಿ ಬೆಲ್ಲ, ಕೊಬ್ಬರಿ, ಕರಿ ಎಳ್ಳು. ಇನ್ನೊಂದರ ತುಂಬ ಹಸಿಸೊಪ್ಪು. ರಾತ್ರಿಯೆಲ್ಲ ಎದುರು ಸೀಟಿನವರು ಕುರಿ ಎಲ್ಲಿ ಎಂದು ಕೇಳಿದರಂತೆ. ಮಗಳ ಜೊತೆ ಅವನೇ ಮಾತುಕತೆಗೆ ಕೂತ. ಬಾಗಿಲು, ಮರೆ ಇರಬಾರದು, ಅರ್ಧ ಗಂಟೆಗಿಂತ ಹೆಚ್ಚು ಕೂರುವುದಿಲ್ಲ, ಕ್ಲಾಸಿನವರನ್ನು ಕರೆಯಬಾರದು, ಬೇಜಾರಾದರೆ ಎದ್ದುಬರುತ್ತೇನೆ. ಎಲ್ಲದಕ್ಕೂ ಅವನು ಹೂಂ ಅಂದ. ಎರಡನೇ ಮಹಡಿಯ ಬಾಲ್ಕನಿಯ ಬಟ್ಟೆ ಹಗ್ಗಕ್ಕೆ ಸೊಪ್ಪು ಕಟ್ಟಿ ಚಪ್ಪರದಂಥ ಗುಡ್ಲು ಹಾಕಿದ.

ಮೇಲ್ಮನೆಯ ಅಕ್ಕ ಉಳುಂದಂಕಳಿ ತಂದರು. ಬೀದಿಯ ಇಬ್ಬರು ಕನ್ನಡದವರು ಬಂದರು. ಆರತಿ ತಟ್ಟೆ ಹಿಡಿದು ನಿಂತಾಗ ಗೊತ್ತಾಯಿತು, ಸೋಬಾನೆ ನಮಗ್ಯಾರಿಗೂ ಪೂರ್ತಿ ಬರುವುದಿಲ್ಲ. ತಮ್ಮ ಊರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿ ಗುಡ್ಲಿನ ಮುಂದೆ ಇಟ್ಟ. ಎಂಬತ್ತರ ಹತ್ತಿರದ ಅತ್ತೆ ಅಲ್ಲಿಂದ ಹಾಡಿದರು. ನಡುನಡುವೆ ಸಿಗ್ನಲ್ ಹೋಗುತ್ತಿತ್ತು. ಮಗಳು ಗಂಟೆ ನೋಡದೆ ಕೂತೇ ಇದ್ದಳು. ಚಿಗಳಿ ಉಂಡೆ ನಾಲ್ಕು ತಿಂದಳು.

ಅತ್ತೆ ಈಗಿಲ್ಲ. ಮಗಳು ಕಾಲೇಜಿನಲ್ಲಿದ್ದಾಳೆ. ಆ ದಿನದ ಫೋಟೋ ಒಂದೂ ಇಲ್ಲ, ಅವಳೇ ಬೇಡ ಅಂದದ್ದು. ಅಜ್ಜಿಯ ಆ ಹಾಡು ಯಾರಾದರೂ ರೆಕಾರ್ಡ್ ಮಾಡಬಾರದಿತ್ತೇ ಎಂದು ಈಗ ಅವಳೇ ಕೇಳುತ್ತಾಳೆ.

2022ರಲ್ಲಿ ಮೇಲ್ಮನೆಯ ಅಕ್ಕನ ಮಗಳದ್ದೂ ಆಯಿತು. ಮಂಟಪ, ಮೇಳ, ಸೀರ್‌ವರಿಸೈ ಎಲ್ಲ ಅವರ ಪದ್ಧತಿಯಂತೆಯೇ ನಡೆಯಿತು. ಆದರೆ ಹುಡುಗಿಯನ್ನು ಒಂದು ದಿನವೂ ಬೇರೆ ಕೂರಿಸಲಿಲ್ಲ, ಶಾಲೆ ತಪ್ಪಿಸಲಿಲ್ಲ. ಊರಿನಿಂದ ಬಂದ ಅವರ ಅತ್ತೆ ಮುನಿಸಿಕೊಂಡಿದ್ದರು. ಅಕ್ಕ ಮೊದಲೇ ಕೆಳಗೆ ಬಂದು ನನ್ನಿಂದ ಚಿಗಳಿ ಮಾಡುವುದನ್ನು ಕಲಿತು ಹೋಗಿದ್ದರು. ಮಂಟಪದ ಬಾಗಿಲಲ್ಲಿ ಮೊಯ್ ಬರೆಯುವವರು ನಮ್ಮ ಲೆಕ್ಕವನ್ನು ಬರೆದುಕೊಂಡು ಓದಿ ಹೇಳಿದರು: "ಮೈಸೂರು ಅಕ್ಕ, ಸಾವಿರದ ಒಂದು ರೂಪಾಯಿ, ಎಳ್ಳುಂಡೆ ಒಂದು ಡಬ್ಬಿ."