ವಾಲಗದ ಸ್ಯಾಕ್ಸೋಫೋನ್

ರುದ್ರೇಶ್ ಮಹಾಂತಪ್ಪ ಅನ್ನೋ ಹೆಸರು ಫೋನಲ್ಲಿ ಕಂಡಾಗ ನಮ್ಮ ತುಮಕೂರು ಕಡೆಯವರು ಯಾರೋ ಇರಬೇಕು ಅಂದುಕೊಂಡೆ. ನೋಡಿದರೆ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕರು. ಕರ್ನಾಟಕ ಮೂಲದ ಮನೆತನ. ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಕೊಲೊರಾಡೊದಲ್ಲಿ. 2020ರಲ್ಲಿ ಬಂದ ಅವರ 'ಹೀರೋ ಟ್ರಿಯೊ' ಆಲ್ಬಂನಲ್ಲಿ ಒಂದೂ ಸ್ವಂತ ರಚನೆಯಿಲ್ಲ. ಹೆಚ್ಚಿನವು ಚಾರ್ಲಿ ಪಾರ್ಕರ್ ಥರದ ಹಿರಿಯರು ನುಡಿಸಿದ ಜಾಝ್. ನಡುವೆ ಸ್ಟೀವಿ ವಂಡರ್ ಅವರ 'ಓವರ್‌ಜಾಯ್ಡ್', ಜಾನಿ ಕ್ಯಾಶ್ ಹಾಡಿದ 'ರಿಂಗ್ ಆಫ್ ಫೈರ್'.

ನನ್ನ ಮದುವೆ ಮಾತುಕತೆಗೆ ಅಂತ ಪಾವಗಡದ ಬಸ್ ಹತ್ತಿದ್ದೆ. ಕೊರಟಗೆರೆ ದಾಟಿದ ಮೇಲೆ ಕಿವಿಗೆ ಹಾಕ್ಕೊಂಡೆ. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಸ್ಯಾಕ್ಸೋಫೋನ್, ಬೇಸ್, ಡ್ರಮ್ಸ್ ಅಷ್ಟೇ. ಚಪ್ಪರ ಕಿತ್ತು ಬರೀ ಕಂಬ ಬಿಟ್ಟ ಹಾಗೆ. 'ರಿಂಗ್ ಆಫ್ ಫೈರ್' ನನಗೆ ಗೊತ್ತಿರಲಿಲ್ಲ, ಹಾಗಾಗಿ ಏನೂ ಹತ್ತಲಿಲ್ಲ. ಮಧುಗಿರಿಯಲ್ಲಿ ಬಸ್ ನಿಂತಾಗ ಜಾನಿ ಕ್ಯಾಶ್ ಹಾಡಿದ್ದನ್ನು ಎರಡು ಸಲ ಕೇಳಿ, ತಿರುಗಿ ಇದನ್ನು ಹಾಕಿದೆ. ಈಗ ಮಾತುಗಳು ತಾವಾಗೇ ಬಂದು ಕೂತವು. ಅರ್ಧ ಹಾಡು ಅವರು ಊದ್ತಾರೆ, ಉಳಿದರ್ಧ ಕೇಳೋರ ನೆನಪಲ್ಲಿರಬೇಕು.

ಥಟ್ಟನೆ ಅಕ್ಕನ ಮದುವೆ ಕಣ್ಮುಂದೆ ಬಂತು.

ಅಪ್ಪ ಹೇಳಿದ್ದ ವಾಲಗದವರು ನಾಗಸ್ವರದ ಬದಲು ಸ್ಯಾಕ್ಸೋಫೋನ್ ತಂದಿದ್ದರು. ಮುಹೂರ್ತ ಮುಗಿದು ಊಟದ ಹೊತ್ತಿಗೆ ಸಿನಿಮಾ ಹಾಡು ಶುರು. ಮೂರು ಕಡೆ ಆಂಧ್ರ ಇರೋ ತಾಲ್ಲೂಕು ನಮ್ಮದು. ಒಂದು ರಾಜ್‌ಕುಮಾರ್ ಹಾಡಾದರೆ ಇನ್ನೊಂದು ಎನ್‌ಟಿಆರ್ ಕಾಲದ್ದು. ಅಜ್ಜಿ, ಅವರ ತಂಗಿಯರು ಚಾಪೆ ಮೇಲೆ ಕೂತು ತುಟಿ ಆಡಿಸ್ತಿದ್ದರು. ನನಗೋ ಬೆಂಗಳೂರಿಂದ ಬಂದ ಗೆಳೆಯರ ಮುಂದೆ ನಾಚಿಕೆ. ಹೋಗಿ, "ಸಾಕು ನಿಲ್ಸಿ ಯಜಮಾನ್ರೇ, ಡಿಜೆ ಹಾಕ್ತೀವಿ" ಅಂದೆ. ಹಾಡು ಇನ್ನೂ ಅರ್ಧದಲ್ಲಿತ್ತು. ಅವರು ಏನೂ ಅನ್ನಲಿಲ್ಲ. ಬಾಯಿಂದ ವಾದ್ಯ ತೆಗೆದು, ಟವೆಲ್ಲಲ್ಲಿ ಒರೆಸಿ, ಪೆಟ್ಟಿಗೆಗೆ ಇಟ್ಟರು. ಊಟ ಮಾಡ್ಕೊಂಡು ಹೋಗಿ ಅಂತ ಕೂಡ ನಾನು ಹೇಳಲಿಲ್ಲ. ಅಪ್ಪನೇ ಕರೆದು ಕೂರಿಸಿದರು.

ಮಹಾಂತಪ್ಪ ಓದುವ ಕಾಲಕ್ಕೆ ಅವರಣ್ಣ ತಮಾಷೆಗೆಂದು ಒಂದು ಸಿ.ಡಿ. ಕೊಟ್ಟಿದ್ದರಂತೆ: ನಮ್ಮ ಕದ್ರಿ ಗೋಪಾಲನಾಥ್ ಅವರದ್ದು. ನಾಗಸ್ವರದವರ ಮಗ, ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದವರು. ತಮಾಷೆಗೆ ಸಿಕ್ಕಿದ್ದನ್ನು ಆತ ನಿಜವಾಗಿ ಕೇಳಿದರು. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಆಲ್ಬಂ ಮಾಡಿದರು. ನನಗೆ ಅದೇ ವಾದ್ಯ ಮನೆ ಬಾಗಿಲಿಗೇ ಬಂದಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ನಿಂಗೆ ಡಿಜೆನೇ ಬೇಕೇನೋ?" ಅಂದರು.

"ಅಕ್ಕನ ಮದುವೆಗೆ ಬಂದಿದ್ರಲ್ಲಪ್ಪ, ಅವರ ನಂಬರ್ ಇದ್ಯಾ?"

ಅಪ್ಪ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈ ತೊಳೆದು ಹಳೇ ಡೈರಿ ತಂದು, ಪುಟ ತೆಗೆದು ನನ್ನ ಮುಂದೆ ಇಟ್ಟರು.

"ನೀನೇ ಮಾತಾಡು."