ಓದುವ ಕೋಣೆಯಲ್ಲೊಂದು ಗಡಿ

ಅಕ್ಕ ಬಾಸ್ಟನ್ನಿನಲ್ಲಿದ್ದಳು, ನಾನು ಮಾಂಟ್ರಿಯಲ್‌ನಲ್ಲಿ ಓದುತ್ತಿದ್ದೆ. ನಡುವೆ ಐದಾರು ಗಂಟೆಯ ಕಾರು ದಾರಿ. ಆದರೂ ಮುಖ ನೋಡಿ ಎರಡು ವರ್ಷವಾಗಿತ್ತು. ಅವಳ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಅಲ್ಲಿಯವರೆಗೆ ದೇಶ ಬಿಟ್ಟು ಹೊರಡಬೇಡಿ ಎಂದು ವಕೀಲರು ಹೇಳಿದ್ದರು. ನನಗೆ ಅಮೆರಿಕದ ವೀಸಾ ಇರಲಿಲ್ಲ. "ಅಷ್ಟು ಹತ್ತಿರ ಇದ್ದೂ ಒಬ್ಬರನ್ನೊಬ್ಬರು ನೋಡೋಕಾಗಲ್ವೇನ್ರೋ?" ಎಂದು ಅಮ್ಮ ಮೈಸೂರಿನಿಂದ ಫೋನಿನಲ್ಲಿ ಕೇಳಿದಾಗಲೆಲ್ಲ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ.

ಹ್ಯಾಸ್ಕೆಲ್ ಗ್ರಂಥಾಲಯದ ವಿಷಯ ಹೇಳಿದವನು ನನ್ನ ಸಹಪಾಠಿ. ಕೆನಡಾದ ಸ್ಟಾನ್‌ಸ್ಟೆಡ್ ಮತ್ತು ಅಮೆರಿಕದ ಡರ್ಬಿ ಲೈನ್ ಎಂಬ ಎರಡು ಪುಟ್ಟ ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಲ್ಲಿ ಗಡಿ ಒಂದು ಬೀದಿಯ ಉದ್ದಕ್ಕೂ ನಡುವೆಯೇ ಸಾಗುತ್ತದೆ; ಆ ಬೀದಿಯ ಹೆಸರೇ ಕ್ಯಾನುಸಾ. ಅಮೆರಿಕದ ವ್ಯಾಪಾರಿ ಕಾರ್ಲೋಸ್ ಹ್ಯಾಸ್ಕೆಲ್ ತೀರಿಕೊಂಡ ಮೇಲೆ ಅವನ ನೆನಪಿಗಾಗಿ, ಕೆನಡಾದಲ್ಲಿ ಹುಟ್ಟಿದ ಹೆಂಡತಿ ಮಾರ್ಥಾ ಮತ್ತು ಮಗ ಹೊರೇಸ್ ಈ ಕಟ್ಟಡವನ್ನು ಬೇಕೆಂದೇ ಗಡಿಯ ಮೇಲೆ ಕಟ್ಟಿಸಿದರು. ಎರಡೂ ಊರಿನವರು ಬರಲಿ ಎಂಬುದೇ ಉದ್ದೇಶ. 1904ರಲ್ಲಿ ಅದು ತೆರೆಯಿತು. ಕೆಳಗೆ ಗ್ರಂಥಾಲಯ, ಮೇಲೆ ರಂಗಮಂದಿರ. ಪುಸ್ತಕಗಳ ಕಪಾಟುಗಳೆಲ್ಲ ಕೆನಡಾದಲ್ಲಿ, ಮುಂಬಾಗಿಲು ಅಮೆರಿಕದಲ್ಲಿ. ರಂಗದ ಮೇಲಿನ ನಟ ಕೆನಡಾದಲ್ಲಿದ್ದರೆ ಪ್ರೇಕ್ಷಕರಲ್ಲಿ ಹೆಚ್ಚಿನವರು ಅಮೆರಿಕದಲ್ಲಿ. ಪುಸ್ತಕವೇ ಇಲ್ಲದ ಗ್ರಂಥಾಲಯ ಅಮೆರಿಕದಲ್ಲಿ ಇದೊಂದೇ ಎಂದು ಅಲ್ಲಿಯವರು ತಮಾಷೆ ಮಾಡುತ್ತಾರೆ.

2018ರ ಏಪ್ರಿಲ್‌ನಲ್ಲಿ ಹೋದೆ. ಬೀದಿ ಬದಿಯ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಕೆನಡಾ ಬದಿಯಿಂದ ಕಾಲುದಾರಿಯಲ್ಲಿ ಕೆಲವು ಹೆಜ್ಜೆ ನಡೆದು ಅಮೆರಿಕದ ನೆಲದಲ್ಲಿರುವ ಬಾಗಿಲನ್ನು ತಲುಪಬೇಕು. ಪಾಸ್‌ಪೋರ್ಟ್ ತೋರಿಸಬೇಕಿಲ್ಲ, ಬಂದ ದಾರಿಯಲ್ಲೇ ವಾಪಸ್ಸು ಹೋದರಾಯಿತು. ಓದುವ ಕೋಣೆಯ ನೆಲದ ಮೇಲೆ ಗಡಿಯ ಗುರುತಾಗಿ ಒಂದು ಕಪ್ಪು ಪಟ್ಟಿ. ಅದರಾಚೆ ಕುರ್ಚಿಯಲ್ಲಿ ಅಕ್ಕ.

"ಎಷ್ಟು ಸೊರಗಿದ್ದೀಯಲ್ಲೋ!" ಎಂದಳು. ಗ್ರಂಥಾಲಯವೆಂಬುದು ನೆನಪಾಗಿ ದನಿ ತಗ್ಗಿಸಿದಳು. ಒಂದು ಗಂಟೆ ಪಿಸುಮಾತಿನಲ್ಲೇ ಕಳೆದೆವು. ಅವಳು ಕೋಡುಬಳೆ ಮಾಡಿ ತಂದಿದ್ದಳು. ಆದರೆ ಗಡಿ ದಾಟಿಸಿ ಏನನ್ನೂ ಕೊಡುವಂತಿರಲಿಲ್ಲ, ಡಬ್ಬಿ ಅವಳ ಕಾರಿನಲ್ಲೇ ಉಳಿಯಿತು. ನಮಗಿದ್ದ ಸಲುಗೆಯನ್ನು ಕೋಡುಬಳೆಗಾಗಿ ಕೆಡಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ.

ಆ ಸಲುಗೆ ನಮ್ಮದಲ್ಲ, ಬೇರೆಯವರು ಗಳಿಸಿಟ್ಟದ್ದು. ಒಂದೇ ಕಪಾಟಿನ ಪುಸ್ತಕ ಓದಿದ, ಒಂದೇ ನಾಟಕಕ್ಕೆ ಚಪ್ಪಾಳೆ ತಟ್ಟಿದ ಎರಡು ಊರುಗಳ ಜನ ನೂರಕ್ಕೂ ಹೆಚ್ಚು ವರ್ಷ ಆ ಪಟ್ಟಿಯನ್ನು ದಿನವೂ ದಾಟಿ ಗಳಿಸಿದ ನಂಬಿಕೆ. ಅದರ ನೆರಳಲ್ಲಿ ಮೈಸೂರಿನ ಅಕ್ಕ-ತಮ್ಮಂದಿರಿಬ್ಬರು ಒಂದು ಗಂಟೆ ಕೂತೆದ್ದೆವು.

2025ರಲ್ಲಿ ಸುಂಕದ ಜಗಳ, ಕೆನಡಾ ನಮ್ಮ 51ನೇ ರಾಜ್ಯವಾಗಲಿ ಎಂಬ ಮಾತು ಎಲ್ಲ ನಡೆದಿದ್ದಾಗ ಅಮೆರಿಕ ಈ ಕಾಲುದಾರಿಗೂ ನಿರ್ಬಂಧ ಹೇರಿತು. ಅಕ್ಟೋಬರ್‌ನಿಂದ ಕೆನಡಾದವರು ಗಡಿ ಠಾಣೆಯ ತಪಾಸಣೆ ಮುಗಿಸಿಯೇ ಮುಂಬಾಗಿಲಿಗೆ ಬರಬೇಕು. ಕಳ್ಳಸಾಗಣೆ ತಡೆಯಲು ಎಂಬುದು ಕೊಟ್ಟ ಕಾರಣ. ಅದು ಪೂರ್ತಿ ನೆಪವೂ ಅಲ್ಲ. ಹಿಂದೆ ಇದೇ ಗ್ರಂಥಾಲಯದ ಶೌಚಾಲಯದ ಮೂಲಕ ಬಂದೂಕು ಸಾಗಿಸಿದ ಪ್ರಕರಣ ನಡೆದಿತ್ತು. ಆದರೆ ಒಬ್ಬ ಕಳ್ಳ ನುಗ್ಗಿದನೆಂದು ಪಕ್ಕದ ಮನೆಯವರಿಗೆಲ್ಲ ಹಿತ್ತಲ ಬಾಗಿಲು ಮುಚ್ಚಿದರೆ ನೆರೆಹೊರೆ ಎಂಬ ಮಾತಿಗೆ ಏನು ಉಳಿಯುತ್ತದೆ?

ಊರಿನವರು ಅದಕ್ಕೂ ದಾರಿ ಹುಡುಕಿದರು. ಕೆನಡಾ ಬದಿಯಲ್ಲಿದ್ದ ತುರ್ತು ಬಾಗಿಲನ್ನೇ ಹೊಸ ಪ್ರವೇಶದ್ವಾರ ಮಾಡಲು ಚಂದಾ ಎತ್ತಿದರು. ಒಳಗಿನ ಕೋಣೆ ಮಾತ್ರ ಈಗಲೂ ಒಂದೇ. ಬೇರೆ ಬೇರೆ ಬಾಗಿಲಿನಿಂದ ಬಂದವರು ಅದೇ ಪಟ್ಟಿಯ ಎರಡು ಬದಿ ಕೂತು ಓದಬಹುದು.

ಈಗ ಅಕ್ಕನ ಕೈಯಲ್ಲಿ ಗ್ರೀನ್ ಕಾರ್ಡ್ ಇದೆ. ಕೋಡುಬಳೆ ಡಬ್ಬಿ ಹಿಡಿದುಕೊಂಡೇ ಮಾಂಟ್ರಿಯಲ್ಲಿಗೆ ಬರುತ್ತಾಳೆ. ಕಾಲುದಾರಿಯ ಸುದ್ದಿ ಓದಿದ ದಿನ ಫೋನ್ ಮಾಡಿದಳು. "ನಾವೂ ಒಂದಿಷ್ಟು ಕಳಿಸೋಣ ಕಣೋ. ಯಾರ ಹೆಸರಲ್ಲಿ ಕಳಿಸೋಣ?"

"ಅಮ್ಮನ ಹೆಸರಲ್ಲಿ" ಎಂದೆ.